ಎದೆಮಟ್ಟದ ಅಂತರ

ಮುಂಬೈ ಅಂಧೇರಿಯ ಗೋಖಲೆ ಸೇತುವೆ ಬಗ್ಗೆ ಜನ ನಕ್ಕಿದ್ದೇ ಹೆಚ್ಚು. ನನಗೆ ನಗುಗಿಂತ ಅದರ ನಕ್ಷೆ ಮೇಲೆ ಸಿಟ್ಟು.

ಪಶ್ಚಿಮ ರೈಲ್ವೆ ಹಳಿಗಳ ಮೇಲಿದ್ದ ಹಳೇ ಸೇತುವೆ 1975ರದ್ದು. 2018ರ ಜುಲೈ 3ರಂದು ಮಳೆಯಲ್ಲಿ ಅದರ ಕಾಲುದಾರಿಯ ಭಾಗ ಹಳಿ ಮೇಲೆ ಕುಸಿಯಿತು. 2022ರ ನವೆಂಬರ್‌ನಲ್ಲಿ ಮುಚ್ಚಿದರು, ಆಮೇಲೆ ಕೆಡವಿದರು. ಹೊಸದರ ಒಂದು ಬದಿ 2024ರ ಫೆಬ್ರವರಿ 26ರಂದು ತೆರೆಯಿತು. ಆದರೆ ಅದಕ್ಕೆ ಕೂಡಬೇಕಿದ್ದ ಬರ್ಫಿವಾಲಾ ಫ್ಲೈಓವರ್ ಎದೆಮಟ್ಟದಷ್ಟು ಕೆಳಗೇ ಉಳಿದಿತ್ತು! ಜುಹು ಕಡೆಯವರಿಗೆ ಸೇತುವೆ ಇದ್ದೂ ಇಲ್ಲ.

ಕಾರಣ ಇಷ್ಟೇ. ಹಳಿಯಿಂದ ಸೇತುವೆಯ ತಳಕ್ಕೆ ಮೊದಲಿಗಿಂತ ಹೆಚ್ಚು ಎತ್ತರ ಬಿಡಬೇಕು ಅನ್ನೋದು ರೈಲ್ವೆಯ ಈಗಿನ ನಿಯಮ. ಅದು ಸರಿಯೇ, ಕೆಳಗೆ 25,000 ವೋಲ್ಟ್ ತಂತಿ ಹೋಗ್ತದೆ. ನಮ್ಮ ಕುರೆಕುಪ್ಪದ ಕಡೆಯಂಥ ಬಯಲಾಗಿದ್ದರೆ ಏರನ್ನು ಇನ್ನಷ್ಟು ದೂರ ಎಳೆದು ನಿಧಾನಕ್ಕೆ ಇಳಿಸಬಹುದಿತ್ತು. ಅಂಧೇರಿಯಲ್ಲಿ ಜಾಗ ಎಲ್ಲಿದೆ? ಹಳಿ ದಾಟಿದ ಕೂಡಲೇ ಬರ್ಫಿವಾಲಾ. ಅಂದಮೇಲೆ ಹೊಸ ಎತ್ತರ ಗೊತ್ತಾದ ದಿನವೇ ಬರ್ಫಿವಾಲಾವನ್ನು ಎತ್ತಬೇಕು ಅನ್ನೋದೂ ಗೊತ್ತಾಗಬೇಕಿತ್ತು. ಇದಕ್ಕೆ ದೊಡ್ಡ ಎಂಜಿನಿಯರಿಂಗ್ ಬೇಡ, ಎರಡು ಅಂಕಿ ಕಳೆದರೆ ಸಾಕು. ಸಾಫ್ಟ್‌ವೇರ್‌ನಲ್ಲಿ ಇಂಥ ಜಾಗಕ್ಕೆ ನಾವು ಇಂಟರ್‌ಫೇಸ್ ಅಂತೀವಿ. ಎರಡು ತಂಡದ ಕೋಡೂ ಬೇರೆ ಬೇರೆಯಾಗಿ ಟೆಸ್ಟ್ ಪಾಸಾಗಿರ್ತದೆ, ಕೂಡಿಸಿದಾಗ ಬೀಳ್ತದೆ. ಆದರೆ ಇಲ್ಲಿ ಎರಡು ಸೇತುವೆಯೂ ಪಾಲಿಕೆಯ ಕೈಯಲ್ಲೇ ಇದ್ದವು, ಅದೇ ಸೋಜಿಗ.

ಅರ್ಧ ಸೇತುವೆಯನ್ನೇ ತೆರೆದದ್ದು ತಪ್ಪು ಅಂತ ಬಹಳ ಜನ ಬೈದರು. ನಾನು ಒಪ್ಪೋಲ್ಲ. ಪೂರ್ವ-ಪಶ್ಚಿಮ ಓಡಾಡೋರು ಒಂದು ವರ್ಷದ ಮೇಲೆ ಸುತ್ತು ಹೊಡೆದಿದ್ದರು, ಅವರನ್ನು ಇನ್ನೂ ಯಾಕೆ ಕಾಯಿಸಬೇಕು?

ಇನ್ನು ರಿಪೇರಿ. ಅದು ಮಾತ್ರ ಚೆಂದದ ಕೆಲಸ. ವಿಜೆಟಿಐ ಕಾಲೇಜಿನ ತಜ್ಞರ ಸಲಹೆಯಂತೆ ಬರ್ಫಿವಾಲಾದ ಸ್ಲ್ಯಾಬನ್ನು ಒಡೆಯದೆ, ಹೈಡ್ರಾಲಿಕ್ ಜ್ಯಾಕ್ ಇಟ್ಟು ಒಂದು ಬದಿ 1,397 ಮಿಲಿಮೀಟರ್, ಇನ್ನೊಂದು ಬದಿ 650 ಮಿಲಿಮೀಟರ್ ಎತ್ತಿದರು. ಕಂಬದ ತಲೆ ಮೇಲೆ ಹೊಸ ಪೀಠ ಕೂಡಿಸಿದರು. ಮಿಲಿಮೀಟರ್ ಲೆಕ್ಕದಲ್ಲಿ ಇಷ್ಟು ನಾಜೂಕಾಗಿ ಕೆಲಸ ಮಾಡಬಲ್ಲ ಜನ ನಮ್ಮಲ್ಲೇ ಇದ್ದಾರೆ ಅನ್ನೋದೇ ನನ್ನ ಸಿಟ್ಟನ್ನು ಹೆಚ್ಚು ಮಾಡ್ತದೆ. ಅವರನ್ನು ನಕ್ಷೆ ಬರೆಯೋ ಹೊತ್ತಿಗೇ ಕರೆದಿದ್ದರೆ, ಮುಚ್ಚಿದ ಆ ಹದಿನೈದು ತಿಂಗಳಲ್ಲೇ ಜ್ಯಾಕ್ ಕೆಲಸವೂ ಮುಗೀತಿತ್ತು. ಎರಡೂ ಕೂಡಿದ್ದು ಜುಲೈನಲ್ಲಿ. ಅಲ್ಲಿವರೆಗೆ ನಾಲ್ಕು ತಿಂಗಳು ಜುಹು ಕಡೆಯ ಗಾಡಿಗಳು ಕೆಳಗಿನ ರಸ್ತೆಗೇ ಇಳೀಬೇಕಾಯ್ತು.