‘ನರವಾಹಕ’, ‘ಗ್ರಾಹಕ’: ಎರಡು ಪರಿಭಾಷೆಗಳ ವಿಮರ್ಶೆ

ಮಿದುಳಿನ ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಬಹುಮಟ್ಟಿಗೆ ರಸದ್ರವ್ಯಗಳ ಮೂಲಕವೆಂಬುದು ವಿದ್ವಜ್ಜನರಿಗೆ ವಿದಿತವಾದುದೇ. ೧೯೦೫ರಲ್ಲಿ ಲ್ಯಾಂಗ್ಲಿಯು ಕೋಶಗಳಲ್ಲಿ ಸ್ವೀಕಾರದ್ರವ್ಯವೊಂದುಂಟೆಂದು ಪ್ರತಿಪಾದಿಸಿದನು. ೧೯೨೧ರಲ್ಲಿ ಆಟೋ ಲೋವಿಯು ಕಪ್ಪೆಯ ಹೃದಯದ ಪ್ರಯೋಗದಿಂದ ನರದ ಸಂದೇಶವು ದ್ರವ್ಯರೂಪದ್ದೆಂದು ಸ್ಥಾಪಿಸಿದನು. ಕನ್ನಡದಲ್ಲಿ ಸಂದೇಶದ ದ್ರವ್ಯಕ್ಕೆ ‘ನರವಾಹಕ’ವೆಂದೂ ಅದನ್ನು ಹಿಡಿಯುವ ಕಣಕ್ಕೆ ‘ಗ್ರಾಹಕ’ವೆಂದೂ ಹೆಸರು ಬಳಕೆಯಲ್ಲಿದೆ. ಇವು ಅರ್ಥಕ್ಕೆ ಒಪ್ಪುವುವೇ ಎಂಬುದು ವಿಚಾರಣೀಯ.

ವಾಹಕನು ತನ್ನಿಂದ ಬೇರೆಯಾದ ಹೊರೆಯನ್ನು ಹೊರುವವನು. ಇಲ್ಲಿ ಹೊರೆಯೇ ಇಲ್ಲ, ದ್ರವ್ಯವೇ ಸಂದೇಶ. ‘ಗ್ರಾಹಕ’ದ ದೋಷವು ಇದಕ್ಕಿಂತ ದೊಡ್ಡದು. ಅಂಗಡಿಯ ಗಿರಾಕಿಯಂತೆ ಕೊಟ್ಟುದನ್ನು ಕೊಂಡುಹೋಗುವುದಷ್ಟೆ ಅದರ ಕೆಲಸವೆಂದು ವಿದ್ಯಾರ್ಥಿಯು ಭ್ರಮಿಸುವನು. ವಸ್ತುಸ್ಥಿತಿಯು ಹಾಗಿಲ್ಲ. ದ್ರವ್ಯವು ಬಹುಕಾಲ ಹೆಚ್ಚಾಗಿ ಬರುತ್ತಿದ್ದರೆ ಆ ಕಣಗಳು ಮಂದವಾಗುತ್ತವೆ, ಕೆಲವು ಕೋಶದೊಳಕ್ಕೆ ಸರಿದುಬಿಡುತ್ತವೆ. ದ್ರವ್ಯವು ಕೊರತೆಯಾದರೆ ಅವು ಹೆಚ್ಚುವುದುಂಟು. ಕೊಡುವ ಕೋಶದ ಮೈಮೇಲೆಯೂ ಅಂಥವೇ ಕೆಲವಿದ್ದು, ದ್ರವ್ಯವು ತುಂಬಿದೊಡನೆ ಮುಂದಿನ ದಾನವನ್ನು ತಡೆಯುತ್ತವೆ.

ಭರ್ತೃಹರಿಯು ವಾಕ್ಯಪದೀಯದಲ್ಲಿ ಸಂಪ್ರದಾನವನ್ನು ಮೂರು ಬಗೆಯಾಗಿ ಕಂಡಿರುವನು: ಬೇಡವೆನ್ನದವನು, ಪ್ರೇರಿಸುವವನು, ಅನುಮತಿಸುವವನು. ‘ಗ್ರಾಹಕ’ ಶಬ್ದವು ಮೊದಲಿನವನನ್ನು ಮಾತ್ರ ಸೂಚಿಸುತ್ತದೆ. ಪಡೆಯುವವನೂ ದಾನಕ್ರಿಯೆಗೆ ಅಂಗವೆಂಬ ವೈಯಾಕರಣರ ತತ್ತ್ವವೇ ಇಲ್ಲಿ ಬೇಕಾದುದು.

ಎರಡೂ ಒಂದನ್ನೊಂದು ನಿಯಮಿಸಿದರೆ ಅನ್ಯೋನ್ಯಾಶ್ರಯದೋಷ ಬಾರದೇ ಎಂದು ತಾರ್ಕಿಕರು ಆಕ್ಷೇಪಿಸಬಹುದು. ಬಾರದು. ಹಿಂದಿನ ದ್ರವ್ಯವು ಇಂದಿನ ಕಣಗಳನ್ನೂ, ಇಂದಿನ ಕಣಗಳು ಮುಂದಿನ ದ್ರವ್ಯವನ್ನೂ ನಿಯಮಿಸುವುದರಿಂದ ಇದು ಬೀಜಾಂಕುರನ್ಯಾಯವೇ ಸರಿ.

ಇನ್ನೊಂದು ಅಂಶವುಂಟು. ಮಡಿವಾಳ ಮಾಚಿದೇವನ ಹುಟ್ಟೂರೆಂದು ಪ್ರಸಿದ್ಧವಾದ ದೇವರ ಹಿಪ್ಪರಗಿಯ ಉಪಾಧ್ಯಾಯನಿಗೆ ಇದನ್ನು ಬೋಧಿಸುವುದು ಸುಲಭ. ಉಟ್ಟ ಬಟ್ಟೆಯನ್ನು ಒಗೆದಲ್ಲದೆ ಮಡಿಯಾಗದು. ಹಿಂದಿನ ದ್ರವ್ಯವನ್ನು ತೊಲಗಿಸಿದಲ್ಲದೆ ಹೊಸ ಸಂದೇಶವು ಸ್ಪಷ್ಟವಾಗದು. ಕಿಣ್ವಗಳೂ ಕೋಶದ ಮರುಹೀರಿಕೆಯೂ ಈ ಮಡಿವಾಳಿಕೆಯನ್ನು ನಡೆಸುತ್ತವೆ.

ಇದು ಬರಿಯ ಶಬ್ದಕಲಹವಲ್ಲ. ‘ಗ್ರಾಹಕ’ವೆಂದೇ ಕಲಿತವನು ಮನೋರೋಗವನ್ನು ಕೊಡದಲ್ಲಿ ನೀರು ಕಡಿಮೆಯಾದಂತೆ ಎಣಿಸುವನು; ವೈದ್ಯನನ್ನು ಕೇಳದೆ ಔಷಧವನ್ನು ಥಟ್ಟನೆ ಬಿಟ್ಟರೆ ಕೇಡೇಕೆಂಬುದು ಅವನಿಗೆ ತೋರದು. ಔಷಧಕ್ಕೆ ಹೊಂದಿಕೊಂಡ ಕಣಗಳು ಪೂರ್ವಸ್ಥಿತಿಗೆ ಮರಳಲು ಕಾಲ ಬೇಕು. ಆದುದರಿಂದ ‘ಸಂದೇಶದ್ರವ್ಯ’, ‘ಪ್ರತಿಗ್ರಾಹಿ’ ಎಂಬ ಹೆಸರುಗಳು ಯುಕ್ತವಾದವು. ಪ್ರತಿಗ್ರಹದಲ್ಲಿ ಸ್ವೀಕರಿಸುವವನ ಹೊಣೆಯೂ ಅಡಗಿದೆ.