ಸುವಾನಿ 1899: ಹಳೆಯ ಸೀಸನ್ನನ್ನು ಸವಿಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲಿನ ಹಳೆಯ ಸೀಸನ್‌ಗಳಿಗೆ ವಿಡಿಯೊ ಇಲ್ಲ. ಕೈಗೆ ಸಿಗುವುದು ಪಂದ್ಯಗಳ ಪಟ್ಟಿ: ದಿನಾಂಕ, ಊರು, ಅಂಕ. ಹೊಸಬರ ಕಣ್ಣು ನೇರ ಅಂಕಕ್ಕೆ ಹೋಗುತ್ತದೆ. ಮೊದಲು ದಿನಾಂಕ ಓದಿ, ಆಮೇಲೆ ಊರು, ಅಂಕ ಕೊನೆಗಿರಲಿ.

ಟೆನೆಸಿ ರಾಜ್ಯದ ಬೆಟ್ಟದೂರು ಸುವಾನಿ. ಅಲ್ಲಿನ ಪುಟ್ಟ ‘ಯೂನಿವರ್ಸಿಟಿ ಆಫ್ ದ ಸೌತ್’ ತಂಡವನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ. 1899ರ ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10–0. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. 12ನೇ ತಾರೀಖು ಭಾನುವಾರ, ಬಿಡುವು. 13ರಂದು ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ ಸ್ಟೇಟ್ ಮೇಲೆ 34–0, 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0. ಆರು ದಿನದಲ್ಲಿ ಐದು ಗೆಲುವು, ಎದುರಾಳಿಗೆ ಒಂದಂಕವೂ ಇಲ್ಲ. ಈಗ ಆ ಊರುಗಳ ನಡುವೆ ರೈಲುಹಳಿ ಎಳೆದು ನೋಡಿ. ಇಡೀ ಪ್ರವಾಸ ಸುಮಾರು 4,000 ಕಿಲೋಮೀಟರ್. ಆಡಿ ದಣಿದವರು ರೈಲು ಹತ್ತಿ ಮುಂದಿನ ಊರಿಗೆ ಹೋಗಬೇಕು. ಈ ವೇಳಾಪಟ್ಟಿ ಹೊಂದಿಸಿದವನು ತಂಡದ ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ, ಮುಂದೆ ಅಮೆರಿಕದ ಸೆನೆಟರ್ ಆದವನು. ಒತ್ತೊತ್ತಾಗಿ ಪಂದ್ಯ ಇಟ್ಟದ್ದರ ಹಿಂದೆ ಟಿಕೆಟ್ ಹಣದ ಅಗತ್ಯವೂ ಇತ್ತು.

ಆಗಿನ ನಿಯಮ ತಿಳಿಯದಿದ್ದರೆ ಸೊನ್ನೆಗಳ ತೂಕ ತಿಳಿಯದು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದೇ 1906ರಲ್ಲಿ. ಅಲ್ಲಿಯವರೆಗೆ ಚೆಂಡು ಮುಂದೆ ಹೋಗಬೇಕಾದರೆ ಒದೆಯಬೇಕು, ಇಲ್ಲವೇ ಎದೆಗವಚಿಕೊಂಡು ಜನರಾಶಿಯೊಳಗೆ ನುಗ್ಗಬೇಕು. ಮೂರು ಯತ್ನದಲ್ಲಿ ಐದು ಗಜ ಸಾಗದಿದ್ದರೆ ಚೆಂಡು ಎದುರಾಳಿಯದು. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ. ಹೊರಹೋದವನು ಮತ್ತೆ ಒಳಗೆ ಬರುವಂತಿಲ್ಲ. ಹೀಗಾಗಿ ನನಗೆ 34–0ಕ್ಕಿಂತ ಕೊನೆಯ ದಿನದ 12–0 ಹೆಚ್ಚು ರುಚಿಸುತ್ತದೆ. ಅಷ್ಟು ಹೊತ್ತಿಗೆ ಯಾವ ಕಾಲಿನಲ್ಲಿ ಎಷ್ಟು ಕಸುವು ಉಳಿದಿತ್ತೆಂದು ಊಹಿಸಿಕೊಂಡು ಆ ಸೊನ್ನೆಯನ್ನು ನೋಡಬೇಕು.

ಟಚ್‌ಡೌನಿಗೆ ಆಗ ಐದು ಅಂಕ, ಅದರ ಬೆನ್ನಿಗೆ ಒದೆವ ಗೋಲಿಗೆ ಒಂದು. ಇದು ನೆನಪಿದ್ದರೆ ಪಟ್ಟಿಯ ಅತ್ಯಂತ ಬಿಗಿಯಾದ ಸಾಲು ತಾನೇ ತೆರೆದುಕೊಳ್ಳುತ್ತದೆ: ನವೆಂಬರ್ 30, ಮಾಂಟ್‌ಗೊಮರಿ, ಜಾನ್ ಹೈಸ್ಮನ್ ತರಬೇತಿಯ ಆಬರ್ನ್ ವಿರುದ್ಧ 11–10. ಆ ಸೀಸನ್ನಿನ ಹನ್ನೆರಡು ಪಂದ್ಯಗಳಲ್ಲಿ ಸುವಾನಿ ಗಳಿಸಿದ್ದು 322 ಅಂಕ, ಬಿಟ್ಟುಕೊಟ್ಟದ್ದು ಈ ಹತ್ತು ಮಾತ್ರ. ಆಬರ್ನ್ ಎದುರು ಉಳಿದದ್ದು ಒಂದೇ ಅಂಕದ ಅಂತರ. ಒಂದು ಒದೆತ ಅತ್ತಿತ್ತ ಸರಿದಿದ್ದರೆ ಪಂದ್ಯ ಸಮವಾಗಿ, ಎಲ್ಲ ಪಂದ್ಯ ಗೆದ್ದ ಸೀಸನ್ ಎಂಬ ಹೆಮ್ಮೆ ಅಲ್ಲಿಗೇ ಮುಗಿಯುತ್ತಿತ್ತು. ಅದಾಗಿ ಎರಡೇ ದಿನಕ್ಕೆ ಅಟ್ಲಾಂಟದಲ್ಲಿ ನಾರ್ತ್ ಕ್ಯಾರೊಲಿನ ವಿರುದ್ಧ ಕಣಕ್ಕಿಳಿದು 5–0ರಿಂದ ಗೆದ್ದರು.