ರಾಗಿಯ ಸೀಮೆಯ ಒಕ್ಕಲುಮನೆಯೂ ಕನ್ನಡ ಕಥನವೂ

ಲಕ್ಷಣಕಾರರು ಮಹಾಕಾವ್ಯಕ್ಕೆ ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದೆಂಬುದು ವಾಚಕರಿಗೆ ವಿದಿತವೇ ಸರಿ. ನಮ್ಮ ಚಂಪೂಕವಿಗಳು ಈ ವಿಧಿಯನ್ನು ಮನಃಪೂರ್ವಕವಾಗಿ ಪಾಲಿಸಿದ್ದಾರೆ. ಮಾವು ಚಿಗುರುತ್ತದೆ, ಕಾರ್ಮುಗಿಲು ಕವಿಯುತ್ತದೆ, ನವಿಲು ಕುಣಿಯುತ್ತದೆ. ಶಾಲಿವನದಲ್ಲಿ ಗಿಳಿಯನ್ನಟ್ಟುವ ಪಾಮರಿಯರೂ ಆಗಾಗ ಕಾಣಿಸಿಕೊಳ್ಳುತ್ತಾರೆ. ಆದರೆ ಆ ಕಾರ್ಮುಗಿಲು ಕವಿದ ದಿನ ಒಕ್ಕಲಿಗನ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು, ಬಿತ್ತನೆಯ ಬೀಜವನ್ನು ಯಾರು ಕಾದಿರಿಸಿದ್ದರು, ಎತ್ತಿಗೆ ಮೇವು ಎಷ್ಟು ಉಳಿದಿತ್ತು ಎಂದು ಕೇಳಿದರೆ ಆ ವರ್ಣನೆಗಳು ಮೌನವಾಗುತ್ತವೆ. ಋತು ಬೇರೆ, ಋತುವಿನ ದುಡಿಮೆ ಬೇರೆ. ಮೊದಲನೆಯದು ಕಾವ್ಯಕ್ಕೆ ಅಲಂಕಾರವಾಗಿ ಬಂದಿತು. ಎರಡನೆಯದು ಕಥೆಗೆ ಕಾಲಮಾನವಾಗಿ ಬಂದಿದೆಯೇ ಎಂಬುದೇ ಪ್ರಕೃತ ವಿಚಾರ.

ಈ ಪ್ರಶ್ನೆಗೆ ಬೆಂಗಳೂರಿನ ಪಶ್ಚಿಮಭಾಗದ ಸೀಮೆ ಒಳ್ಳೆಯ ಒರೆಗಲ್ಲಾಗಿದೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವು ಇಂದು ಸಣ್ಣ ಕಾರ್ಖಾನೆಗಳ ನೆಲೆ. ಅಲ್ಲಿ ಕಿವಿಗೆ ಬೀಳುವುದು ಲೋಹವನ್ನು ಕೊರೆಯುವ ಯಂತ್ರಗಳ ಸದ್ದು. ಆದರೆ ಅದರ ಆಸುಪಾಸಿನ ಹೆಸರುಗಳನ್ನು ಓದಿ ನೋಡಬೇಕು: ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಸುಂಕದಕಟ್ಟೆ, ತಿಗಳರಪಾಳ್ಯ, ಹೇರೋಹಳ್ಳಿ, ಮಲ್ಲತ್ತಹಳ್ಳಿ. ನಗರವು ಹೊಲಗಳನ್ನು ನುಂಗಿತು, ಹೆಸರುಗಳನ್ನು ಜೀರ್ಣಿಸಿಕೊಳ್ಳಲಾರದೆ ಬಿಟ್ಟಿತು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯವಿರುವ ವೃಷಭಾವತಿ ಈ ಭಾಗದ ತಗ್ಗನ್ನು ಹಿಡಿದು ಕೆಂಗೇರಿಯ ಕಡೆಗೆ ಹರಿದು ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಈಗ ಅದರಲ್ಲಿ ಹರಿಯುವುದು ಬಹುಪಾಲು ನಗರದ ಕೊಳೆನೀರು. ಕಾರ್ತಿಕದ ಕಡೆಯ ಸೋಮವಾರ ಆ ಬಸವನ ಮುಂದೆ ಕಡಲೆಕಾಯಿ ಪರಿಷೆ ನೆರೆಯುವುದೊಂದೇ, ಊರಿನವರು ಸುಗ್ಗಿಯನ್ನು ಈಗಲೂ ಕಣ್ಣಾರೆ ಕಾಣುವ ಸಂದರ್ಭವೆನ್ನಬಹುದು.

ಈ ಸೀಮೆಯ ಒಕ್ಕಲುಮನೆಯ ವರ್ಷವನ್ನು ತಿಂಗಳುಗಳಿಂದಲ್ಲ, ಮಳೆಯ ನಕ್ಷತ್ರಗಳಿಂದ ಎಣಿಸುತ್ತಿದ್ದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ನಿಲ್ಲುವನಾದುದರಿಂದ ಪ್ರತಿಯೊಂದು ಮಳೆಗೂ ಅಷ್ಟೇ ಅವಧಿ, ಪ್ರತಿಯೊಂದಕ್ಕೂ ಅದರದೇ ಕೆಲಸ. ಬೇಸಗೆಯಲ್ಲಿ ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯಬೇಕು. ಯುಗಾದಿಗೆ ಹೊನ್ನಾರು ಕಟ್ಟಬೇಕು. ಭರಣಿ ಕೃತ್ತಿಕೆಗಳಲ್ಲಿ ನೆಲ ಹಸನಾಗಬೇಕು. ಮುಂಗಾರಿನ ಹದ ನೋಡಿ ಕೂರಿಗೆಯಿಂದ ರಾಗಿ ಬಿತ್ತಬೇಕು. ರಾಗಿಯ ನಡುನಡುವೆ ಅಕ್ಕಡಿಯ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಸಡ್ಡೆಯಲ್ಲಿ ಬಿಡುತ್ತಿದ್ದರು. ಈ ಅಕ್ಕಡಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ನಿಂತು ನೋಡಬೇಕೆಂದು ನಮ್ಮ ಅಭಿಪ್ರಾಯ. ಒಂದೇ ಹೊಲದಲ್ಲಿ ಹಿಟ್ಟಿಗೆ ರಾಗಿ, ಸಾರಿಗೆ ಅವರೆ ತೊಗರಿ, ಎಣ್ಣೆಗೆ ಹುಚ್ಚೆಳ್ಳು, ದನಕ್ಕೆ ಜೋಳದ ಕಡ್ಡಿ. ಅಡಿಗೆಮನೆಯ ಅಗತ್ಯವನ್ನೆಲ್ಲ ಹೊಲದ ಮೇಲೆ ಸಾಲುಸಾಲಾಗಿ ಬರೆದಂತೆ ಅದು ತೋರುತ್ತದೆ. ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿ ಕೊಯ್ದ ಮೇಲೂ ಹೊಲ ಬರಿದಾಗುವುದಿಲ್ಲ. ಇಬ್ಬನಿಯ ತೇವದಲ್ಲಿ ಅವರೆ ಹಬ್ಬಿ, ಪುಷ್ಯದ ಚಳಿಗೆ ಸೊಗಡು ಹಿಡಿದು ಕಾಯಾಗುತ್ತದೆ. ಕೊಯ್ದ ರಾಗಿ ಮೊದಲು ಗುಡ್ಡೆ, ಆಮೇಲೆ ಮೆದೆ, ಆಮೇಲೆ ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲಿನ ಕೆಳಗೆ. ತೂರಿ ರಾಶಿ ಮಾಡಿ ಪೂಜಿಸಿ, ಆಯಗಾರರಿಗೆ ಆಯವನ್ನಳೆದು, ಉಳಿದುದನ್ನು ಹಗೇವಿಗೆ ಇಳಿಸುವುದರೊಡನೆ ವರ್ಷ ಮುಗಿಯುತ್ತದೆ.

ಇದಿಷ್ಟೂ ಹೊರಗಿನ ದುಡಿಮೆ. ಇದರ ಅಡಿಯಲ್ಲಿ ದಿನದಿನವೂ ತಪ್ಪದ ಇನ್ನೊಂದು ದುಡಿಮೆಯಿದೆ: ಕೋಳಿ ಕೂಗುವ ಮೊದಲು ರಾಗಿ ಬೀಸುವುದು, ಕೊಟ್ಟಿಗೆಯ ಸಗಣಿ ಬಾಚುವುದು, ಅಂಗಳಕ್ಕೆ ನೀರು ಹಾಕುವುದು, ಹಾಲು ಕರೆಯುವುದು, ಮೊಸರು ಕಡೆಯುವುದು, ನೀರು ಸೇದುವುದು, ಬೆರಣಿ ತಟ್ಟುವುದು, ಹೊಲಕ್ಕೆ ಬುತ್ತಿ ಹೊರುವುದು, ಅಲ್ಲಿ ಕಳೆ ಕೀಳುವುದು. ಇದಕ್ಕೆ ನಕ್ಷತ್ರವೂ ಇಲ್ಲ, ಹಬ್ಬವೂ ಇಲ್ಲ. ಹೊನ್ನಾರಿಗೆ ಪೂಜೆಯುಂಟು, ಸಗಣಿ ಬಾಚುವುದಕ್ಕೆ ಎಲ್ಲಿಯ ಪೂಜೆ? ಕುವೆಂಪು ಅವರು ಉಳುವವನನ್ನು 'ನೇಗಿಲ ಯೋಗಿ' ಎಂದು ಕರೆದಾಗ ನಾಡು ತಲೆದೂಗಿತು, ಅದು ಯುಕ್ತವೇ. ಆ ಯೋಗಿಯ ಹಿಟ್ಟನ್ನು ಬೀಸಿದವಳಿಗೆ ಅಂಥ ಬಿರುದು ಯಾರಿಂದಲೂ ಬರಲಿಲ್ಲ.

ರಾಗಿಯ ಬೇಸಾಯವನ್ನು ವಿವರವಾಗಿ ಬರೆದವರಲ್ಲಿ ಒಬ್ಬನು ಹೊರಗಿನವನೆಂಬುದು ಯೋಚಿಸತಕ್ಕ ಸಂಗತಿ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಮೂರು ಸಂಪುಟಗಳಲ್ಲಿ ಉಳುಮೆ, ಬಿತ್ತನೆ, ಅಕ್ಕಡಿ ಎಲ್ಲವನ್ನೂ ಕೂಲಂಕಷವಾಗಿ ದಾಖಲಿಸಿದ್ದಾನೆ. ಅವನಿಗೆ ಬೇಕಾಗಿದ್ದುದು ಗೆದ್ದ ನಾಡಿನ ಉತ್ಪತ್ತಿಯ ಲೆಕ್ಕ. ನಮ್ಮವರಿಗೆ ಈ ವಿಷಯದಲ್ಲಿ ಆಸಕ್ತಿಯೇ ಇರಲಿಲ್ಲವೆನ್ನುವಂತಿಲ್ಲ. ೧೦೨೫ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣ, ಅಂತರ್ಜಲ, ವೃಕ್ಷಾಯುರ್ವೇದಗಳ ವಿಚಾರವುಂಟು. ಆದರೆ ಅದು ಶಾಸ್ತ್ರ. ಶಾಸ್ತ್ರದಲ್ಲಿ ಬೆಳೆಯಿದೆ, ಬೆಳೆದವರಿಲ್ಲ.

ಕನಕದಾಸರ 'ರಾಮಧಾನ್ಯ ಚರಿತ್ರೆ' ಇಲ್ಲಿ ವಿಶೇಷ ವಿಮರ್ಶೆಗೆ ಅರ್ಹವಾಗಿದೆ. ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ನಡೆದ ಈ ವಿವಾದವನ್ನು ಕುಲದ ಮೇಲುಕೀಳಿನ ವಿಚಾರವೆಂದು ಓದುವುದು ವಾಡಿಕೆ. ಆ ಓದು ಸರಿಯಾದುದೇ; ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತೀರ್ಪು ಹೇಗೆ ಬಂದಿತೆಂಬುದನ್ನು ಗಮನಿಸಬೇಕು. ಶ್ರೀರಾಮನು ಶಾಸ್ತ್ರವಾಕ್ಯವನ್ನು ಆಧಾರವಾಗಿ ಹಿಡಿಯಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಹೊರಗೆ ತಂದಾಗ ವ್ರೀಹಿ ಕಂದಿತ್ತು, ನರೆದಲೆಗ ಕಂದಿರಲಿಲ್ಲ. ಇದು ನ್ಯಾಯಸಭೆಯ ಪರೀಕ್ಷೆಯಲ್ಲ, ಹಗೇವಿನ ಪರೀಕ್ಷೆ. ನೆಲದಡಿಯ ಕತ್ತಲೆಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆಂಬುದು, ಹಗೇವಿನ ಬಾಯಿ ತೆರೆದು, ಕೆಟ್ಟ ಗಾಳಿ ಹೋಗುವವರೆಗೆ ಕಾದು, ಒಳಗಿಳಿದು ಮೊರದಲ್ಲಿ ತುಂಬಿದವರಿಗೆ ಗೊತ್ತಿರುವ ಸತ್ಯ. ರಾಘವನ ಹೆಸರನ್ನು ಧಾನ್ಯಕ್ಕೆ ಕೊಡಿಸಿದ ಈ ಕಥೆಯ ಮರ್ಮಸ್ಥಾನದಲ್ಲಿ ಒಕ್ಕಲುಮನೆಯ ಅನುಭವವೇ ಸಾಕ್ಷಿಯಾಗಿ ನಿಂತಿದೆ. ಪಾಠ ಹೇಳುವವರು ಸೆರೆಮನೆಯೆಂಬಲ್ಲಿ ಹಗೇವನ್ನು ತೋರಿಸಿದರೆ ವಿದ್ಯಾರ್ಥಿಗೆ ಆ ತೀರ್ಪು ರಾಮನ ಪವಾಡವಾಗಿ ಕಾಣದೆ ಸಹಜವಾಗಿಯೇ ಕಾಣುವುದು.

ಇನ್ನು ಕಾದಂಬರಿಗೆ ಬರೋಣ. ಮಲೆನಾಡಿನ ಒಕ್ಕಲುಮನೆಗೆ ೧೯೩೬ರಲ್ಲಿ 'ಕಾನೂರು ಹೆಗ್ಗಡಿತಿ' ದೊರೆಯಿತು. ಅಡಿಕೆ, ಕೊಟ್ಟಿಗೆ, ಬೇಟೆ, ಗದ್ದೆ, ಮನೆಯ ಪಾಲು ಎಲ್ಲವೂ ಅದರಲ್ಲಿವೆ. ಆದರೂ ಅಲ್ಲಿಯ ದುಡಿಮೆಯ ಹೆಚ್ಚಿನ ಭಾರ ಬೇಲರ ಹೆಗಲ ಮೇಲಿದೆ. ಕಥೆಯ ಭಾರ ಹೂವಯ್ಯನ ಮನಸ್ಸಿನ ಮೇಲಿದೆ. ಇವೆರಡೂ ಒಂದಾಗುವುದು ಅಪೂರ್ವ. ಮಳೆ ಅಲ್ಲಿ ಭವ್ಯವಾದ ದೃಶ್ಯ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯನ್ನು ನೋಡುತ್ತ ಬೆಳೆದ ನಾಡಿನ ಕವಿಗೆ ಅದು ಹಾಗೆ ತೋರುವುದು ಸ್ವಾಭಾವಿಕವೇ. ೧,೦೦೦ಕ್ಕೆ ತುಸು ಕಡಮೆ ಬೀಳುವ ಬೆಂಗಳೂರಿನ ಮೈದಾನದಲ್ಲಿ ಮಳೆಯನ್ನು ನೋಡಿ ಆನಂದಿಸುವುದಕ್ಕಿಂತ ಮೊದಲು ಲೆಕ್ಕ ಹಾಕುತ್ತಾರೆ: ಉತ್ತರೆ ಬಂದಿತೇ, ಹಸ್ತ ಬರುವುದೇ, ತೆನೆ ಕಟ್ಟುವುದೇ.

ದುಡಿಮೆಯನ್ನೇ ಕಥೆಯ ನಡೆಯನ್ನಾಗಿ ಮಾಡಿದ ಕೃತಿಯೆಂದು ನಾವು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು (೧೯೪೧) ಎಲ್ಲಕ್ಕೂ ಮೇಲಿಡುತ್ತೇವೆ. ರಾಮ ಐತಾಳರ ಪೌರೋಹಿತ್ಯಕ್ಕಿಂತ ಅವರ ಸೋದರಿ ಸರಸೋತಿ ಮತ್ತು ಹೆಂಡತಿ ಪಾರೋತಿಯರ ಕೈಗಳೇ ಆ ಮನೆಯನ್ನು ನಿಲ್ಲಿಸಿವೆಯೆಂದು ಓದುಗನು ಯಾರೂ ಹೇಳದೆ ತಿಳಿಯುತ್ತಾನೆ. ಮಳೆಗಾಲ ಬಂದರೆ ಕಾರಂತರು ವರ್ಣನೆಗೆ ತೊಡಗುವುದಿಲ್ಲ. ಆ ಹೆಂಗಸರು ಏನು ಮಾಡಿದರೆಂದು ಹೇಳುತ್ತಾರೆ. ಮೂರು ತಲೆಮಾರಿನ ಕೊನೆಯಲ್ಲಿ ಮೊಮ್ಮಗ ರಾಮನು ಮಣ್ಣಿಗೆ ಮರಳಿದಾಗ ಅದು ಬರಿಯ ಆದರ್ಶವಾಗಿ ತೋರದೆ ಇರುವುದಕ್ಕೆ ಕಾರಣ, ಆ ಮಣ್ಣಿನ ಕೆಲಸ ಎಷ್ಟು ಕಷ್ಟವೆಂಬುದು ನಮಗೆ ಮೊದಲೇ ಗೊತ್ತಾಗಿರುವುದು. ಅದೇ ಕಾದಂಬರಿಯಲ್ಲಿ ಶೀನಮಯ್ಯನ ಮನೆಯವರು ಹೋಟೆಲು ನಡೆಸಲು ಹೋಗುವುದು ಬೆಂಗಳೂರಿಗೆ. ಕರಾವಳಿಯ ಹೊಲಮನೆಯ ಕಥೆಯಲ್ಲಿ ಬೆಂಗಳೂರು ಕಾಸು ಹುಟ್ಟುವ ಊರಾಗಿ ಬರುತ್ತದೆ. ಆ ಬೆಂಗಳೂರಿನ ಸುತ್ತಲೂ ಇದ್ದ ಹೊಲಮನೆಗಳು ಆ ದೃಷ್ಟಿಗೆ ಬೀಳುವಂತಿರಲಿಲ್ಲ.

ಮೈದಾನದ ಸೀಮೆಗೂ ದೊಡ್ಡ ಕೃತಿಗಳುಂಟು. ಎಸ್. ಎಲ್. ಭೈರಪ್ಪನವರ 'ಗೃಹಭಂಗ'ದ (೧೯೭೦) ನಂಜಮ್ಮನು ಮುತ್ತುಗದ ಎಲೆ ಹಚ್ಚುವುದು, ಗಂಡನ ಶಾನುಭೋಗಿಕೆಯ ಲೆಕ್ಕ ಬರೆಯುವುದು ನಮ್ಮ ಸಾಹಿತ್ಯದಲ್ಲಿ ದಿನದ ದುಡಿಮೆಗೆ ದೊರೆತ ಅತ್ಯುತ್ತಮ ಚಿತ್ರಗಳಲ್ಲಿ ಸೇರುತ್ತವೆ. ಆದರೆ ಆಕೆ ಹೀಗೆ ದುಡಿಯುವುದು ಜಮೀನು ಸಾಲಕ್ಕೆ ಹೋದುದರಿಂದ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ರಾತ್ರಿಯಿಡೀ ಸುಲಿದು ತಿನ್ನುವ ಕಡಲೆಕಾಯಿ ಅವರು ಬೆಳೆದುದಲ್ಲ, ಸುಗ್ಗಿ ಇನ್ನೊಬ್ಬನದು. ಕರಾವಳಿಯ ಕಡೆಯದಾದರೂ 'ಚೋಮನ ದುಡಿ'ಯನ್ನೂ (೧೯೩೩) ಇಲ್ಲಿ ನೆನೆಯಬೇಕು: ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಹೀಗೆ ಈ ಮೂರೂ ಕೃತಿಗಳು ಹೊಲಮನೆಯ ಹೊಸ್ತಿಲಿನಾಚೆ ನಿಂತವರ ಕಥೆಗಳು. ಒಕ್ಕಲುತನವೆಂಬುದು ಎಲ್ಲರ ಪಾಲಿಗೂ ಬಂದ ಭಾಗ್ಯವಲ್ಲವೆಂಬುದನ್ನು ಇವು ತಿಳಿಸದೆ ಹೋಗಿದ್ದರೆ, ಹಳ್ಳಿಯ ಜೀವನವನ್ನು ಕುರಿತ ನಮ್ಮ ವಿಮರ್ಶೆ ಬರಿಯ ಹಂಬಲದ ಮಾತಾಗುತ್ತಿತ್ತು.

ಒಳಗಿನವರ ದನಿ ಕೇಳಬೇಕಾದರೆ ಬೀಸುವ ಕಲ್ಲಿನ ಬಳಿಗೆ ಹೋಗಬೇಕು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಹೊರತಂದಾಗ ಪಂಡಿತರು ಅದರ ಭಾವಕ್ಕೂ ತ್ರಿಪದಿಯ ಸೊಗಸಿಗೂ ಮಾರುಹೋದರು. ಆ ತ್ರಿಪದಿ ಎರಡು ಕೈ ಸೇರಿ ಗೂಟ ತಿರುಗಿಸುವಾಗ ಉಸಿರು ಹಿಡಿದು ಬಿಡುವ ಅಳತೆಗೆ ಒಗ್ಗಿದುದೆಂಬುದನ್ನು ಗಮನಿಸಿದವರು ಕಡಮೆ. ತವರು, ತಾಯಿ, ಅಣ್ಣ ಎಂದು ವಿಷಯವಾರಾಗಿ ಹಾಡುಗಳನ್ನು ವಿಂಗಡಿಸುವ ನಮ್ಮ ಪದ್ಧತಿಯೂ ಕಲ್ಲನ್ನು ಮರೆಮಾಡುತ್ತದೆ. ಹಳೆಯ ಮೈಸೂರಿನ ಕಡೆ ಅರ್ಚಕ ಬಿ. ರಂಗಸ್ವಾಮಿಯವರು ೧೯೩೩ರ 'ಹುಟ್ಟಿದಹಳ್ಳಿ ಹಳ್ಳಿಯ ಹಾಡು' ಗ್ರಂಥದಲ್ಲಿ ಬಂಡಿಹೊಳೆಯೆಂಬ ತಮ್ಮ ಒಂದೇ ಊರಿನ ಬಾಳನ್ನೂ ಹಾಡನ್ನೂ ಒಟ್ಟಿಗಿಟ್ಟು ಬರೆದರು. ನಮ್ಮ ಮತದಲ್ಲಿ ಇದೇ ಸರಿಯಾದ ಕ್ರಮ. ಹಾಡನ್ನು ಊರಿನಿಂದ ಬಿಡಿಸಿದರೆ ಉಳಿಯುವುದು ಸುಭಾಷಿತ. ಊರಿನಲ್ಲಿಟ್ಟರೆ ಅದು ದುಡಿಮೆಯ ದಾಖಲೆ.

ಹಿಟ್ಟಿನ ಗಿರಣಿ ಬಂದ ಊರುಗಳಲ್ಲಿ ಹೆಂಗಸರ ತೋಳಿಗೆ ವಿರಾಮ ದೊರೆಯಿತು. ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಅದರೊಡನೆ ಹಾಡುವ ಹೊತ್ತೂ ಹೋಯಿತು. ಕಾಮಾಕ್ಷಿಪಾಳ್ಯದ ಸೀಮೆಯಲ್ಲಿ ಈ ಬದಲಾವಣೆ ಗಿರಣಿಯಲ್ಲಿ ನಿಲ್ಲಲಿಲ್ಲ: ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಾಜಿನಗರದ ಬಡಾವಣೆಗಳೂ ಕೈಗಾರಿಕೆಗಳೂ ಹಬ್ಬಿದಂತೆ ಕಣ, ಹಗೇವು, ತಿಪ್ಪೆ ಮೂರೂ ನಿವೇಶನಗಳಾದವು. ಬಂಡಿಹೊಳೆಗೆ ದೊರೆತಂತಹ ಗ್ರಂಥವೊಂದು ಈ ಹಳ್ಳಿಗಳಲ್ಲಿ ಒಂದಕ್ಕಾದರೂ ಬೇಕು. ಅಕ್ಕಡಿ, ಸಡ್ಡೆ, ಮುಯ್ಯಾಳು, ರೋಣಗಲ್ಲು ಎಂಬ ಮಾತುಗಳನ್ನು ನಿಘಂಟಿನಿಂದಲ್ಲದೆ ಕೈಯಿಂದ ಬಲ್ಲ ಹಿರಿಯರು ಮಾಗಡಿ ರಸ್ತೆಯ ಆಚೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸುವುದಾದರೆ, ಹಾಡು ಬರುವುದೇ ಎಂದು ಕೇಳುವ ಮೊದಲು ಮುಂಜಾನೆ ಎದ್ದು ಏನೇನು ಕೆಲಸ ಮಾಡುತ್ತಿದ್ದಿರೆಂದು ಕೇಳಿ ಬರೆದುಕೊಳ್ಳುವಂತೆ ಹೇಳಿ ಕಳುಹಿಸಬೇಕು.